ಗುಂಡಿಗೆ ಹೊಟ್ಟೆ ಕೆಟ್ಟ ವರ್ಷ

ಮೊನ್ನೆ ಕೆ.ಆರ್. ನಗರದಲ್ಲಿ ನನ್ನ ತಂಗಿಯ ಮೈದುನನ ಮದುವೆ. ಊಟ ಮುಗಿಸಿ ಕೈ ತೊಳೆಯಲು ಛತ್ರದ ಹಿಂಭಾಗಕ್ಕೆ ಹೋದೆ. ನಲ್ಲಿಯ ಪಕ್ಕದಲ್ಲೇ ಒಂದು ನೀಲಿ ಡ್ರಮ್ಮು. ಹಿಂದಿನ ದಿನದ ಆರತಕ್ಷತೆಯ ಅನ್ನ, ಸಾಂಬಾರು, ಅರ್ಧ ತಿಂದು ಬಿಟ್ಟ ಹೋಳಿಗೆ, ಎಲ್ಲ ಒಂದಾಗಿ ಬಿಸಿಲಿಗೆ ಹುಳಿ ಬಂದು ಗುಳುಗುಳು ಅನ್ನುತ್ತಿತ್ತು. ಮಿಕ್ಕ ಹೆಂಗಸರು ಮೂಗಿಗೆ ಸೆರಗು ಹಿಡಿದು ಓಡಿದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಈ ವಾಸನೆಯ ಕಾರಣಕ್ಕೇ ನಮ್ಮ ಅತ್ತೆ ಐದಾರು ತಿಂಗಳು ನನ್ನ ಕೈ ಊಟ ಬಿಟ್ಟಿದ್ದರು. ಯಾಕೆ ಬಿಟ್ಟರು ಅನ್ನುವುದು ಊರಿಗೆಲ್ಲ ಗೊತ್ತು. ಯಾಕೆ ಮತ್ತೆ ಉಂಡರು ಅನ್ನುವುದು ಮಾತ್ರ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮದು ಗಾವಡಗೆರೆ ಪಕ್ಕದ ಹಳ್ಳಿ. ಹೊಗೆಸೊಪ್ಪು, ರಾಗಿ, ಅವರೆ, ಎರಡು ಹಸು, ಇಷ್ಟೇ ಬದುಕು. ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ಸೌದೆ ಅನ್ನುವುದು ಸೊಪ್ಪು ಬೇಯಿಸುವ ಬ್ಯಾರನ್ನಿಗೇ ಸಾಲುವುದಿಲ್ಲ, ಇನ್ನು ಅಡುಗೆಮನೆಗೆ ಎಲ್ಲಿಂದ ಬರಬೇಕು? ಹಸಿ ಪುರಲೆ, ಹೊಗೆಸೊಪ್ಪಿನ ಒಣ ಕಡ್ಡಿ, ಸಿಕ್ಕಿದ್ದನ್ನೆಲ್ಲ ಒಲೆಗೆ ತುರುಕುತ್ತಿದ್ದೆವು. ಸಿಲಿಂಡರು ಇತ್ತು, ಟೀಗೆ, ನೆಂಟರಿಗೆ. ಮುದ್ದೆಗೂ ಬಿಸಿನೀರಿಗೂ ಅದನ್ನೇ ಹಚ್ಚಿದರೆ ತಿಂಗಳು ತುಂಬುವ ಮೊದಲೇ ಖಾಲಿ. ಅತ್ತೆಗೆ ಎದೆಯಲ್ಲಿ ಕಫ ಕಟ್ಟಿ, ಹುಣಸೂರಿನ ಡಾಕ್ಟರು, "ಅಜ್ಜಿ, ಇನ್ಮೇಲೆ ಹೊಗೆ ಮುಂದೆ ಕೂತ್ಕೋಬೇಡಿ" ಅಂದ ಮೇಲೆ ನಮ್ಮ ಯಜಮಾನರು ಹಿತ್ತಲಲ್ಲಿ ಗೋಬರ್ ಗ್ಯಾಸ್ ಕಟ್ಟಿಸಿದರು. ಹಳ್ಳ ತೋಡಿ, ಒಳಗೆ ಇಟ್ಟಿಗೆಯ ಗುಮ್ಮಟ ಕಟ್ಟಿ, ಸಿಮೆಂಟು ಬಳಿದು, ಮೇಲೆ ಮಣ್ಣು ಮುಚ್ಚಿದರು. ಹೊರಗೆ ಕಾಣುತ್ತಿದ್ದದ್ದು ಸಗಣಿ ಕಲಸಿ ಬಿಡುವ ತೊಟ್ಟಿ, ಬಗ್ಗಡ ಬರುವ ಬಾಯಿ, ನಡುವೆ ಗುಮ್ಮಟದ ನೆತ್ತಿ. ನಾವೆಲ್ಲ ಅದನ್ನು ಗುಂಡಿ ಎಂದೇ ಕರೆದೆವು.

ಮೊದಲ ಉರಿ ಹತ್ತಿದ ದಿನ ಅತ್ತೆ ಒಲೆಗೆ ಅರಿಸಿನ ಕುಂಕುಮ ಇಟ್ಟು ಕಾಯಿ ಒಡೆದರು. "ಅಯ್ಯೋ ನಮ್ಮವ್ವ, ಹೊಗೆನೇ ಇಲ್ವಲ್ಲೇ ರತ್ನಿ!" ಅಂತ ನೀಲಿ ಉರಿಯ ಮುಂದೆ ಕೂತು ನಕ್ಕರು. ಮೊದಲ ಮುದ್ದೆ ಅವರೇ ಉಂಡರು. ನಮ್ಮ ಅತ್ತೆ ಚಿಕ್ಕತಾಯಮ್ಮನವರ ವಿಷಯ ಒಂದು ಹೇಳಬೇಕು. ನಾನು ಸೊಸೆಯಾಗಿ ಬಂದಾಗ ನನಗೆ ಮುದ್ದೆ ತೊಳಸಲು ಬರುತ್ತಿರಲಿಲ್ಲ. ಮೊದಲ ದಿನದ ಮುದ್ದೆ ಬರೀ ಗಂಟು. ಅತ್ತೆ ಒಂದು ಮಾತೂ ಆಡದೆ ಗಂಟು ಸಮೇತ ಉಂಡು ಎದ್ದರು. ತಾಯಿ ಇಲ್ಲದೆ ಬೆಳೆದವಳು ನಾನು, ಆವತ್ತು ಹಿತ್ತಲಿಗೆ ಹೋಗಿ ಅತ್ತಿದ್ದೆ. ಆಮೇಲೆ ಅವರೇ ಕೈ ಹಿಡಿದು ಕಲಿಸಿದರು. ಕಲಿತ ಮೇಲೆ ಬೇರೆ ಯಾರ ಕೈ ಮುದ್ದೆಯೂ ಅವರಿಗೆ ಸೇರುತ್ತಿರಲಿಲ್ಲ, ಮಗಳ ಮನೆಗೆ ಹೋದರೂ ಎರಡೇ ದಿನಕ್ಕೆ ವಾಪಸ್ಸು.

ಆದರೆ ಎರಡು ಹಸುವಿನ ಸಗಣಿಗೆ ಗುಂಡಿ ಎಷ್ಟು ಅಂತ ಗ್ಯಾಸು ಕೊಟ್ಟೀತು? ಮುದ್ದೆ ಅರೆ ಬೆಂದಿರುವಾಗಲೇ ಉರಿ ಪುಸ್ಸೆಂದು ಆರುತ್ತಿತ್ತು. ಗುಂಡಿ ಕಟ್ಟಿಕೊಟ್ಟ ಹುಡುಗ ಪ್ರಸನ್ನ, ಎಚ್.ಡಿ. ಕೋಟೆಯವನು, ಬಂದು ನೋಡಿ ಹೇಳಿದ: "ಅಣ್ಣ, ಅಡುಗೆ ಮಿಕ್ಕಿದ್ದು, ತರಕಾರಿ ಸಿಪ್ಪೆ ಹಾಕಿ. ಸಗಣಿಗಿಂತ ಜಾಸ್ತಿ ಗ್ಯಾಸ್ ಬರುತ್ತೆ." ನಮ್ಮ ಮನೆಯಲ್ಲಿ ಅಡುಗೆ ಎಲ್ಲಿ ಮಿಗುತ್ತೆ? ನಮ್ಮ ಯಜಮಾನರಿಗೆ ತಲೆ ಓಡಿತು. ಆಷಾಢ ಕಳೆದು ಶ್ರಾವಣದ ಮದುವೆಗಳು ಶುರುವಾಗಿದ್ದವು. ಛತ್ರದವರನ್ನು ಕೇಳಿದರು. ಅವರಿಗೂ ಬೇಕಾಗಿದ್ದದ್ದು ಅದೇ, ತಗೊಂಡು ಹೋದರೆ ಸಾಕು ಅಂದರು.

ಜಿಟಿಜಿಟಿ ಮಳೆಯಲ್ಲಿ ಮೊಪೆಡ್ಡಿನ ಹಿಂದೆ ಡ್ರಮ್ಮು ಕಟ್ಟಿಕೊಂಡು ಬಂದ ಮಗನನ್ನು ಅತ್ತೆ ಜಗಲಿಯಿಂದ ನೋಡಿದರು.

"ಏನ್ಲಾ ಅದು?"

"ಗುಂಡೀಗೆ ಊಟ ಕಣವ್ವ."

"ಯಾರ್ ತಿಂದು ಬುಟ್ಟಿದ್ದು?"

"ಯಾರಿಗ್ಗೊತ್ತವ್ವ? ಮದ್ವೆಗೆ ಬಂದೋರು."

"ಅಂಗಾದ್ರೆ ಕಂಡೋರ್ ಎಂಜ್ಲು ಉರ್ಸಿ ನಂಗೆ ಮುದ್ದೆ ಇಕ್ತೀರಾ?"

ಇವರು ಡ್ರಮ್ಮು ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಅಬ್ಬದ ದಿನ ಎಂಜಲೆಲೆ ಎತ್ತಿ ಹಸೀಗೆ ಹಾಕಾಕಿಲ್ವಾ ನೀನು? ಅದ್ರ ಸಗಣಿ ತಂದು ಬಾಗ್ಲು ಸಾರ್ಸಾಕಿಲ್ವಾ? ಹಸಿನ ಹೊಟ್ಟೇಲಿ ಆಗೋದೇ ಈ ಗುಂಡೀಲೂ ಆಗೋದು."

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಹಸೀಗೆ ಜೀವ ಐತೆ ಕಣ್ಲಾ. ಜೀವದ ಒಳಿಕ್ಕೋಗಿ ಬಂದದ್ದು ಮಡಿ ಆಯ್ತದೆ. ನಿನ್ ಸಿಮೆಂಟ್ ಗುಂಡೀಗೆ ಏನೈತೆ?"

ಇವರು ಡ್ರಮ್ಮು ಎಳೆದುಕೊಂಡು ಹಿತ್ತಲಿಗೆ ನಡೆದರು. ನನಗಂತೂ ಆ ದಿನದಿಂದ ಶುರುವಾದ ಗೊಂದಲ ಇವತ್ತಿಗೂ ಬಗೆಹರಿದಿಲ್ಲ. ಇವರು ಮಾತಾಡುವಾಗ ಇವರದೇ ಸರಿ ಅನಿಸುತ್ತಿತ್ತು, ಅತ್ತೆ ಬಾಯಿ ತೆರೆದರೆ ಅವರದೇ ಸರಿ. ಬೆಂಕಿಗೆ ಎಲ್ಲಿಯ ಎಂಜಲು, ಉರಿದ ಮೇಲೆ ಎಲ್ಲ ಒಂದೇ ಅಲ್ಲವೇ ಅಂದುಕೊಳ್ಳುತ್ತಿದ್ದೆ. ಹಾಗಂತ ಸುಡುಗಾಡಿನ ಕೊಳ್ಳಿ ತಂದು ಯಾರಾದರೂ ಒಲೆ ಹಚ್ಚುತ್ತಾರಾ? ಇಲ್ಲ. ಹಾಗಾದರೆ ಬೆಂಕಿ ಬೆಂಕಿಗೂ ವ್ಯತ್ಯಾಸ ಇದೆ ಅಂತಾಯಿತು. ಸಿಲಿಂಡರಿನ ಗ್ಯಾಸು ಯಾವುದರಿಂದ ಆದದ್ದೋ ಯಾರು ಕಂಡವರು, ಅದನ್ನು ಅತ್ತೆ ಯಾವತ್ತೂ ಕೇಳಿಲ್ಲ. ಹೀಗೆ ಯೋಚಿಸಿ ಯೋಚಿಸಿ ಸಾರು ಹೊತ್ತಿಸಿದ ದಿನಗಳುಂಟು.

ಮಾರನೆಯ ದಿನ ಅತ್ತೆ ಹಿತ್ತಲ ನುಗ್ಗೆ ಮರದ ಕೆಳಗೆ ಮೂರು ಕಲ್ಲು ಹೂಡಿದರು. ಮೇಲೆ ನಾಲ್ಕು ತಗಡು. ಅಲ್ಲೇ ಅವರ ಅಡುಗೆ, ಅಲ್ಲೇ ಊಟ. ಅಡುಗೆಮನೆಗೆ ಕಾಲಿಡಲಿಲ್ಲ. "ಅತ್ತೆ, ನಿಮಗೆ ಬೇರೆಯಾಗಿ ಸಿಲಿಂಡರಲ್ಲೇ ಮಾಡಿಕೊಡ್ತೀನಿ" ಅಂದೆ. "ಅದೇ ಅಡ್ಗೆಮನೆ, ಅದೇ ಪಾತ್ರೆ. ಬುಡು ಅತ್ಲಾಗೆ" ಅಂದರು. ಮಳೆಯಲ್ಲಿ ನೆಂದ ಸೌದೆ. ಊದಿ ಊದಿ ಕೆಮ್ಮುತ್ತಿದ್ದರು. ಡಾಕ್ಟರು ಯಾವ ಹೊಗೆ ಬೇಡ ಅಂದಿದ್ದರೋ ಅದೇ ಹೊಗೆಗೆ, ಅದನ್ನು ತಪ್ಪಿಸಲೆಂದೇ ಕಟ್ಟಿದ ಗುಂಡಿಯೇ ಅವರನ್ನು ತಳ್ಳಿತ್ತು. ಇದಕ್ಕೆ ಏನನ್ನಬೇಕು ನೀವೇ ಹೇಳಿ.

ಊರಿನ ಬಾಯಿಗೆ ಬೀಗ ಉಂಟಾ? ಪಕ್ಕದ ಮನೆಯ ಪುಟ್ಟಮ್ಮ ಕೊಳಾಯಿ ಹತ್ತಿರ ಎಲ್ಲರ ಮುಂದೆ, "ಏನ್ ರತ್ನಮ್ಮ, ಅತ್ತೆನ ಈಚಿಕ್ಕಾಕ್ಬುಟ್ಯಂತೆ?" ಅಂತ ಕೇಳಿದಳು. ಕೊಡ ಅಲ್ಲೇ ಕುಕ್ಕಿ ಬಂದೆ. ಬಂದವಳೇ ಇವರ ಮೇಲೆ ಹಾರಾಡಿದೆ. "ನಾಳೆಯಿಂದ ಆ ಡ್ರಮ್ಮು ನಮ್ಮ ಬಾಗಿಲಿಗೆ ಬರಕೂಡದು!" ಇವರು, "ಸರಿ ಬುಡು, ನಿಲ್ಲುಸ್ತೀನಿ. ನಾಳೆಯಿಂದ ನೀನೂ ಪುರಲೆ ಊದು" ಅಂದರು. ಅಲ್ಲಿಗೆ ನನ್ನ ಹಾರಾಟ ನಿಂತಿತು. ಯಾಕೆ ಸುಳ್ಳು ಹೇಳಲಿ, ಆ ಉರಿ ಅಷ್ಟು ಚೆನ್ನಾಗಿತ್ತು. ಭರ್ರೆಂದು ನೀಲಿಯಾಗಿ ಉರಿಯುತ್ತಿತ್ತು. ಮುದ್ದೆ, ಸಾರು, ಹಂಡೆ ನೀರು, ಹಸುವಿನ ಬೂಸಕ್ಕೆ ಬಿಸಿನೀರು, ಎಲ್ಲಕ್ಕೂ ಸಾಕಾಗಿ ಮಿಗುತ್ತಿತ್ತು. ನನಗೆ ಅತ್ತೆಯೂ ಬೇಕು, ಆ ಉರಿಯೂ ಬೇಕು. ದಿನಾ ಮಧ್ಯಾಹ್ನ ಅವರ ಪಾಲಿನ ಮುದ್ದೆ ಕಟ್ಟುವುದನ್ನು ನಾನು ಬಿಡಲಿಲ್ಲ. ಸಂಜೆ ಅದನ್ನೇ ಹಸುವಿಗೆ ಹಾಕುತ್ತಿದ್ದೆ. ಅತ್ತೆ ಮೂರು ಕಲ್ಲಿನ ಮುಂದೆ ಕೂತು ನೋಡುತ್ತಿದ್ದರು.

ಕಾರ್ತಿಕ ಬಂತು. ಮದುವೆಯೋ ಮದುವೆ. ಡ್ರಮ್ಮಿನ ಮೇಲೆ ಡ್ರಮ್ಮು. ಬ್ಯಾರನ್ನಿನಲ್ಲಿ ಕೊನೆಯ ಸೊಪ್ಪು ಬೇಯುತ್ತಿತ್ತು, ಇವರಿಗೆ ಅತ್ತ ಇತ್ತ ನೋಡಲು ಪುರಸೊತ್ತಿಲ್ಲ. ಬಂದದ್ದನ್ನೆಲ್ಲ ನಾನೇ ತೊಟ್ಟಿಗೆ ಸುರಿದು ಕಲಸಿ ಬಿಡುತ್ತಿದ್ದೆ. ಒಂದು ದಿನ ಉರಿ ಹಳದಿಯಾಗಿ ನಡುಗಿತು. ಮಾರನೆಯ ದಿನ ಇನ್ನೂ ಸಣ್ಣದಾಯಿತು. "ಹಸ್ದಿರ್ಬೇಕು ಕಣೆ, ಇನ್ನೊಂದೆರಡು ಬಕೀಟು ಹಾಕು" ಅಂದರು ಇವರು. ಹಾಕಿದೆ. ಇನ್ನೂ ಸಣ್ಣದಾಯಿತು. ಇನ್ನೂ ಹಾಕಿದೆ. ನಮ್ಮ ಕಡೆಯವರ ಬುದ್ಧಿಯೇ ಅಷ್ಟು. ಯಾರಾದರೂ ಸಪ್ಪಗೆ ಕೂತಿದ್ದರೆ ಏನಾಯಿತು ಎಂದು ಕೇಳುವ ಮೊದಲು ಇನ್ನೊಂದು ಮುದ್ದೆ ಇಕ್ಕುತ್ತೇವೆ. ಒಂದು ಬಕೀಟು ಪಾಯಸ ಬಂದಿತ್ತು, ದ್ರಾಕ್ಷಿ ಗೋಡಂಬಿ ಸಮೇತ. ಉಣ್ಣಲಿ ಪಾಪ ಅಂತ ಅದನ್ನೂ ಬಿಟ್ಟೆ.

ಆಮೇಲೆ ಆದದ್ದು ನಮ್ಮ ಬುದ್ಧಿಗೆ ನಿಲುಕಲಿಲ್ಲ. ಪೈಪಿನಲ್ಲಿ ಗ್ಯಾಸು ಬರುತ್ತಿತ್ತು, ಸುಯ್ ಅನ್ನುವುದು ಕೇಳುತ್ತಿತ್ತು, ಆದರೆ ಹತ್ತುತ್ತಿರಲಿಲ್ಲ. ಕಡ್ಡಿ ಗೀರಿ ಹಿಡಿದರೆ ಕಡ್ಡಿಯೇ ಆರಿಹೋಗುತ್ತಿತ್ತು. ಗ್ಯಾಸು ಇದೆ, ಉರಿ ಇಲ್ಲ, ಇದೆಂಥ ಮಾಯೆ? ಚಳಿಗೆ ಹೀಗಾಗಿದೆ ಅಂದರು ಒಬ್ಬರು. ಪುಟ್ಟಮ್ಮ ದೃಷ್ಟಿ ತಾಗಿದೆ ಅಂದಳು. ಇವರು ಪೈಪು ಬಿಚ್ಚಿ ಊದಿ ಮತ್ತೆ ಕಟ್ಟಿದರು. ಹಿತ್ತಲ ತುಂಬ ಹುಳಿ ವಾಸನೆ, ಅದೇ ಮೊನ್ನೆ ಛತ್ರದ ಡ್ರಮ್ಮಿನಿಂದ ಬಂದ ವಾಸನೆ. ಕೊನೆಗೆ ಪ್ರಸನ್ನನಿಗೆ ಫೋನು ಹೋಯಿತು.

ಪ್ರಸನ್ನ ಬಂದವನು ಬಗ್ಗಡಕ್ಕೆ ಒಂದು ಕಾಗದದ ಪಟ್ಟಿ ಅದ್ದಿ ಅದರ ಬಣ್ಣ ನೋಡಿದ. ಮುಖ ಹುಳ್ಳಗೆ ಮಾಡಿದ. "ಅಕ್ಕ, ಒಳಗೆ ಹುಳಿ ಆಗಿಬಿಟ್ಟಿದೆ. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿರ್ತವೆ. ಒಂದು ಥರದವು ಅನ್ನ ಕೊಳೆಸಿ ಹುಳಿ ಮಾಡ್ತವೆ, ಇನ್ನೊಂದು ಥರದವು ಆ ಹುಳಿ ತಿಂದು ಉರಿಯೋ ಗ್ಯಾಸ್ ಮಾಡ್ತವೆ. ಎರಡನೇವು ನಿಧಾನ. ನೀವು ಒಂದೇ ಸಲ ಅಷ್ಟು ಸುರಿದ್ರೆ ಅವಕ್ಕೆ ತಡ್ಕೊಳ್ಳೋಕಾಗಲ್ಲ. ಆಗ ಪೈಪಲ್ಲಿ ಬರೋದು ಬರೀ ಉರಿಯದ ಗಾಳಿ."

ಮೂರು ಕಲ್ಲಿನ ಮುಂದೆ ಕೂತಿದ್ದ ಅತ್ತೆ ಊದುಗೊಳವೆ ಕೆಳಗಿಟ್ಟರು. "ಏನಂದೆ ಮಗ? ಒಳಗೆ ಜೀವ ಐತಾ?"

"ಇದೆ ಅಜ್ಜಿ, ಕೋಟಿಗಟ್ಟಲೆ."

"ಈಗ ಏನಾಗವೆ?"

"ಹಿಂಗೇ ಬಿಟ್ರೆ ಸಾಯ್ತವೆ."

ಅತ್ತೆ ಮೆಲ್ಲಗೆ ಎದ್ದು ಬಂದರು. ನನ್ನ ಕಡೆ ತಿರುಗಿ, "ಏನೇನ್ ಹಾಕ್ದೆ?" ಅಂದರು. ನಾನು ಹೇಳಿದೆ: ಬಿಳಿ ಅನ್ನ, ಕೇಸರಿಬಾತು, ಹೋಳಿಗೆ, ಪಾಯಸ. ಅತ್ತೆ ಹಣೆ ಹಣೆ ಬಡಿದುಕೊಂಡರು. "ಥೂ ನಿಮ್ ಮನೆ ಹಾಳಾಗ! ಕೆಂಪಿಗೆ ಆದಂಗೇ ಆಗೈತೆ ಕಣ್ರೋ!"

ಕೆಂಪಿ ಅವರ ತವರಿನಿಂದ ಬಂದಿದ್ದ ಹಸು. ನಮ್ಮ ನಾದಿನಿಯ ಮದುವೆಯಲ್ಲಿ ಹಗ್ಗ ಕಿತ್ತುಕೊಂಡು ಅಡುಗೆ ಚಪ್ಪರಕ್ಕೆ ನುಗ್ಗಿ ಅನ್ನದ ಕೊಪ್ಪರಿಗೆಗೇ ಬಾಯಿ ಹಾಕಿತ್ತಂತೆ. ಮಂಗಳದ ದಿನ ಹಸುವನ್ನು ಹೊಡೆಯಬಾರದು ಅಂತ ಯಾರೂ ಓಡಿಸಲಿಲ್ಲ. ಮಾರನೆಯ ದಿನ ಹೊಟ್ಟೆ ಉಬ್ಬಿ, ಮೆಲುಕು ನಿಂತು, ಬಾಯಿಂದ ಹುಳಿ ನೀರು ಸುರಿಸಿ ಸತ್ತಿತು. ಮಗಳನ್ನು ಕಳಿಸಿದ ದಿನವೇ ಹಸುವನ್ನೂ ಹೂತು ಬಂದದ್ದನ್ನು ಅತ್ತೆ ಇವತ್ತಿಗೂ ಹೇಳುತ್ತಾರೆ.

ಆವತ್ತಿನಿಂದ ಗುಂಡಿ ಅತ್ತೆಯ ಕೈಗೆ ಬಂತು. ಏನೂ ಹಾಕಬೇಡಿ, ಬರೀ ಹೊಸ ಸಗಣಿ ಸ್ವಲ್ಪ ಸ್ವಲ್ಪ ಬಿಡಿ ಅಂತ ಪ್ರಸನ್ನ ಹೇಳಿದ್ದ. ಅತ್ತೆ, "ಸೋಡ ಹಾಕನಾ ಮಗ? ಹಸಿನ ಹೊಟ್ಟೆಗೆ ಅದನ್ನೇ ಕುಡ್ಸಾದು" ಅಂತ ಕೇಳಿದಾಗ ಅವನು ಫೋನಿನಲ್ಲಿ ಏನೋ ಹುಡುಕಿ, ತಲೆ ಕೆರೆದುಕೊಂಡು, "ಹಾಕಬಹುದು ಅಜ್ಜಿ... ಹಾಕದೇ ಇದ್ರೂ ಆಗಬಹುದು" ಅಂದ. ಅಷ್ಟರಲ್ಲಿ ಅತ್ತೆ ಅಡುಗೆ ಸೋಡದ ಪೊಟ್ಟಣ ಬಿಚ್ಚಿ ಆಗಿತ್ತು. ದಿನಾ ಬೆಳಗ್ಗೆ ಬುಟ್ಟಿ ಹಿಡಿದು ಊರಲ್ಲಿ ನಾಟಿ ಹಸು ಇರುವ ಮನೆಗಳಿಗೆ ಹೊರಡುತ್ತಿದ್ದರು. ಯಾರ ಮನೆ ಬಾಗಿಲಲ್ಲೂ ನಿಂತು ಒಂದು ಹಿಡಿ ಉಪ್ಪು ಕೇಳದ ಹೆಂಗಸು, "ವಸಿ ಸಗಣಿ ಕೊಡ್ರವ್ವ, ನಮ್ಮುದಕ್ಕೆ ಮೈ ಸರಿಯಿಲ್ಲ" ಅಂತ ಕೇಳುತ್ತಿದ್ದರು. ಪುಟ್ಟಮ್ಮನ ಮನೆಯ ಸಗಣಿಯೂ ಬಂತು. ತಂದದ್ದನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಬಿಟ್ಟು, ಗುಮ್ಮಟದ ನೆತ್ತಿಗೆ ಕಿವಿ ಇಟ್ಟು ಕೇಳುತ್ತಿದ್ದರು. ಚಳಿಗೆ ಮೇಲೆ ಹುಲ್ಲು ಹೊದಿಸಿದರು.

ಇದೆಲ್ಲ ನೋಡಿ ನಾನು, ಇನ್ನೇನು ಅತ್ತೆ ಒಳಗೆ ಬಂದರು ಅಂದುಕೊಂಡೆ. ಎಲ್ಲಿಯ ಮಾತು! ಗುಂಡಿಗೆ ಉಪಚಾರ ಮುಗಿಸಿ ಕೈ ತೊಳೆದು ಮತ್ತೆ ಅದೇ ಮೂರು ಕಲ್ಲು, ಅದೇ ಹೊಗೆ, ಅದೇ ಕೆಮ್ಮು. ನಾನು ಒಳಗೆ ಸಿಲಿಂಡರಿನಲ್ಲಿ ಮಾಡುತ್ತಿದ್ದೆ, ಎಂಜಲಿನ ಉರಿ ಮನೆಯಲ್ಲಿ ಇರಲೇ ಇಲ್ಲ, ಆದರೂ ಬರಲಿಲ್ಲ. ಹಾಗಾದರೆ ಮುನಿಸು ಯಾರ ಮೇಲೆ, ಎಂಜಲಿನ ಮೇಲೋ ನನ್ನ ಮೇಲೋ? ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಅತ್ತೆ, ಆ ಗುಂಡಿ ಮೇಲಿರೋ ಕರುಣೆ ನನ್ನ ಮೇಲಿಲ್ವಾ ನಿಮಗೆ?"

ಅವರು ಸಗಣಿ ಕಲಸುತ್ತಲೇ, "ನೀನ್ ಚೆನ್ನಾಗಿದ್ದೀಯಲ್ಲವ್ವ, ನಿಂಗೇನಾಗೈತೆ?" ಅಂದರು. ಇದಕ್ಕೆ ಅಳಬೇಕೋ ಜಗಳ ಆಡಬೇಕೋ ತಿಳಿಯದೆ ಒಳಗೆ ಬಂದು ಪಾತ್ರೆ ಕುಕ್ಕಿದೆ.

ಸಂಕ್ರಾಂತಿ ದಿನ ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಅರಿಸಿನ ಕುಂಕುಮ ಇಟ್ಟೆವು. ಅತ್ತೆ ಆರತಿ ತಟ್ಟೆ ಹಿಡಿದು ಹಾಗೆಯೇ ಹಿತ್ತಲಿಗೆ ನಡೆದರು. ಗುಮ್ಮಟದ ನೆತ್ತಿಗೆ ಅರಿಸಿನ ಬಳಿದು ಕುಂಕುಮ ಇಟ್ಟು, ಇನ್ನೇನು ದೀಪ ಎತ್ತಬೇಕು, ನಾನು ಕಿರುಚಿದೆ, "ಅತ್ತೆ, ಬೆಂಕಿ! ಅದು ಗ್ಯಾಸು!" ಅವರು ಬೆಚ್ಚಿ ದೀಪ ಊದಿ ಆರಿಸಿ, ಬರಿ ತಟ್ಟೆಯನ್ನೇ ಮೂರು ಸುತ್ತು ನೀವಾಳಿಸಿ ಬಂದರು. ಇವರು ಎಳ್ಳುಬೆಲ್ಲ ನೆತ್ತಿಗೇರುವಷ್ಟು ನಕ್ಕರು.

ಅದಾಗಿ ಕೆಲವೇ ದಿನಕ್ಕೆ, ಒಂದು ಬೆಳಗ್ಗೆ ಸುಮ್ಮನೆ ಕಡ್ಡಿ ಗೀರಿ ಹಿಡಿದೆ. ಭಗ್ ಅಂತ ಹತ್ತಿತು. ನೀಲಿ ಉರಿ. ಸೋಡದಿಂದಲೋ, ಸಗಣಿಯಿಂದಲೋ, ಬಿಸಿಲು ಏರಿದ್ದರಿಂದಲೋ, ಬರೀ ಉಪವಾಸದಿಂದಲೋ, ನನಗೆ ಗೊತ್ತಿಲ್ಲ. ಪ್ರಸನ್ನನನ್ನು ಕೇಳಿದರೆ ಅವನೂ, "ಎಲ್ಲಾ ಸೇರಿ ಇರಬಹುದು ಅಕ್ಕ" ಅಂದ. ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು ಮಾಡಿದೆ, ಮುದ್ದೆ ತೊಳಸಿದೆ. ತಟ್ಟೆಗೆ ಇಕ್ಕಿಕೊಂಡು ನುಗ್ಗೆ ಮರದ ಕೆಳಗೆ ಹೋಗಿ ಅತ್ತೆಯ ಮುಂದೆ ಇಟ್ಟೆ. "ಅತ್ತೆ, ಗುಂಡಿ ಹುಷಾರಾಗೈತೆ. ಬರೀ ಸಗಣಿ ಉರಿ. ಒಂದು ತುತ್ತು ಉಣ್ಣಿ."

ಅವರು ತಟ್ಟೆ ನೋಡಿದರು. ಸಾರಿನ ಘಮ ಅವರ ಮೂಗಿಗೆ ಹೋದದ್ದು ನನಗೆ ಕಂಡಿತು. ಕೈ ಮುಂದೆ ಬಂತು, ನಿಂತಿತು.

"ಇವತ್ತು ಏನ್ವಾರ?"

"ಸೋಮವಾರ."

ತಟ್ಟೆ ಹಿಂದಕ್ಕೆ ಸರಿಯಿತು. "ಸೋಮಾರ ಎತ್ತಿನ ಕತ್ತಿಗೆ ನೊಗ ಮಡಗ್ತೀವಾ ನಾವು? ಬಸವಣ್ಣನ ವಾರ. ಕಾಯ್ಲೆಯಿಂದ ಈಗ ಎದ್ದೈತೆ, ಇವತ್ತೇ ಕೆಲ್ಸಕ್ಕೆ ಹಚ್ಚಿದ್ದೀಯಲ್ಲೇ! ಆರ್ಸೋಗು."

ಇದು ಕರುಣೆಯೋ, ಹಳೇ ಹಟವೇ ಇನ್ನೊಂದು ಬಾಗಿಲಿಂದ ಬಂದದ್ದೋ? ಸಿಟ್ಟು ಬಂತು. ತಟ್ಟೆ ಎತ್ತಿಕೊಂಡು ಬಂದು ಒಲೆ ಆರಿಸಿದೆ. ಆವತ್ತು ನಾನೂ ಸರಿಯಾಗಿ ಉಣ್ಣಲಿಲ್ಲ.

ಮಂಗಳವಾರ ಮಧ್ಯಾಹ್ನ ನಾನು ಹಿಟ್ಟು ತೊಳಸುತ್ತಿದ್ದೆ. ಬಾಗಿಲ ಬೆಳಕು ಮರೆಯಾಯಿತು. ತಿರುಗಿ ನೋಡಿದರೆ ಅತ್ತೆ, ಹೊಸ್ತಿಲಿನಲ್ಲಿ. ಕಾಲು ತೊಳೆದು ಬಂದಿದ್ದರು. ಉರಿಯನ್ನು ಸ್ವಲ್ಪ ಹೊತ್ತು ನೋಡಿ, ಎರಡು ಕೈ ಚಾಚಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಏನೂ ಆಗಿಲ್ಲವೆಂಬಂತೆ ಅವರ ಹಳೇ ಜಾಗದಲ್ಲಿ, ಗೋಡೆಗೆ ಒರಗಿ ಕೂತರು. ಮುದ್ದೆ ಕಟ್ಟಿ ತಟ್ಟೆಗೆ ಹಾಕಿದೆ. ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟರು. ನುಂಗಿದರು.

"ಗಂಟು ಐತೆ" ಅಂದರು. ಅದನ್ನೂ ಉಂಡರು. "ಇನ್ನರ್ಧ ಇಕ್ಕು."

ಈಗ ನಮ್ಮ ಮನೆಯಲ್ಲಿ ಛತ್ರದ ಉಳಿಕೆ ಬರುತ್ತದೆ, ಆದರೆ ಅತ್ತೆಯ ಕಣ್ಣು ತಪ್ಪಿಸಿ ಒಂದು ಅಗುಳೂ ತೊಟ್ಟಿಗೆ ಬೀಳುವುದಿಲ್ಲ. ಸಗಣಿ ಮೊದಲು, ಅನ್ನ ಒಂದು ಬಕೀಟು, ಸಿಹಿ ಮುಟ್ಟುವ ಹಾಗಿಲ್ಲ. ಜೀವದ ಒಳಗೆ ಹೋದದ್ದು ಎಂಜಲಲ್ಲ ಅನ್ನುವುದು ಈಗ ಅವರದೇ ವಾದ, ಪುಟ್ಟಮ್ಮನಿಗೆ ದಬಾಯಿಸಿ ಹೇಳುತ್ತಾರೆ. ಸೋಮವಾರ ಮಾತ್ರ ಗುಂಡಿಗೆ ರಜ. ಆವತ್ತು ಸಿಲಿಂಡರು.

ಮೊನ್ನೆ ನಾನು ಆ ಡ್ರಮ್ಮಿನ ಮುಂದೆ ನಿಂತೇ ಇದ್ದಾಗ, ಮದುವೆಗೆ ಜೊತೆಗೇ ಬಂದಿದ್ದ ಅತ್ತೆ ಹುಡುಕಿಕೊಂಡು ಬಂದರು. ಬಗ್ಗಿ ನೋಡಿ, "ಬರೀ ಹೋಳಿಗೆ. ನಮ್ಮುದಕ್ಕೆ ಆಗಾಕಿಲ್ಲ, ನಡಿ" ಅಂದರು. ಹುಣಸೂರಿನ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದೆವು. ಇಷ್ಟು ದಿನ ಕೇಳದೇ ಇದ್ದದ್ದನ್ನು ಕೇಳಿದೆ.

"ಅತ್ತೆ, ಆವತ್ತು ನಾನು ತಟ್ಟೆ ತಂದಾಗ ಸೋಮವಾರ ಅಲ್ಲದೇ ಇದ್ದಿದ್ರೆ ಉಣ್ತಿದ್ರಾ?"

ಅತ್ತೆ ಕಿಟಕಿಯ ಆಚೆಯ ಗದ್ದೆ ಕಡೆ ಮುಖ ತಿರುಗಿಸಿದರು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

"ಅಷ್ಟ್ ತಿಂಗ್ಳು ಮೊಕ ಊದಿಸ್ಕೊಂಡು ಕುಂತಿದ್ದೋಳು, ನೀನ್ ತಟ್ಟೆ ಮಡಗಿದ್ ತಕ್ಸಣ ಉಂಡ್ಬುಟ್ರೆ ನನ್ ಮರ್ವಾದೆ ಏನಾಯ್ತದೆ? ಒಂದ್ ದಿನ ಬೇಕಿತ್ತು ಕಣವ್ವ."

ಹಾಗಾದರೆ ಇಷ್ಟು ಸೋಮವಾರ ಸಿಲಿಂಡರು ಉರಿಸಿದ್ದು ಯಾತಕ್ಕೆ? ಕೇಳಬೇಕೆನ್ನುವಷ್ಟರಲ್ಲಿ ಅವರೇ ನನ್ನ ಕೈ ಮೇಲೆ ಕೈ ಇಟ್ಟರು.

"ಆದ್ರೂ ಸೋಮಾರ ಹಚ್ಚಬ್ಯಾಡ ಮತ್ತೆ. ಪಾಪ, ಅದೂ ಜೀವ."